ಎಡವಟ್ಟಾದರೆ ಮಗು ಮೊದಲು ನಮಗೆ ಹೇಳಬೇಕು: ಆನ್‌ಲೈನ್ ಸುರಕ್ಷತೆ ಕಲಿಸಲು ಆರು ಪಾಠಗಳ ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುವೆಂಪುನಗರದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅವನದೇ ಫೋನು, ಅವನದೇ ಸಿಮ್ಮು. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಅದೇ ವಯಸ್ಸಿನ ಹುಡುಗಿಗೆ ಸಂಜೆ ಏಳರ ಮೇಲೆ ಅಪ್ಪನ ಫೋನು ಕೈಗೆ ಸಿಗುತ್ತದೆ. ಡೇರಿ ಬಟವಾಡೆಯ ಮೆಸೇಜು ಅದರಲ್ಲೇ, ಫೋನ್‌ಪೇ ಅದರಲ್ಲೇ, ಇನ್‌ಸ್ಟಾಗ್ರಾಂ ಕೂಡ ಅದರಲ್ಲೇ. ಇಬ್ಬರಿಗೂ ಒಂದೇ ಪಿಪಿಟಿ ತೋರಿಸಿ, ಅತಿಥಿಗಳಿಗೆ ಶಾಲು ಹೊದಿಸಿ, ‘ಜಾಗೃತಿ ಕಾರ್ಯಕ್ರಮ’ ಮುಗಿಸಿದರೆ ಅದು ಇಬ್ಬರಿಗೂ ತಾಗುವುದಿಲ್ಲ. ಮುನ್ನೂರು ಮಕ್ಕಳು ಕೂತ ಹಾಲ್‌ನಲ್ಲಿ ಯಾವ ಮಗುವೂ ಎದ್ದು ನಿಂತು ‘ನಂಗೂ ಹಿಂಗಾಗಿದೆ’ ಅನ್ನುವುದಿಲ್ಲ.

8ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುವವರು, ಅಕ್ಕಪಕ್ಕದ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡಬಲ್ಲ ಅಪ್ಪ-ಅಮ್ಮಂದಿರು, ಇವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಪಾಸ್‌ವರ್ಡು, ಸೆಟ್ಟಿಂಗ್ಸು ಎಲ್ಲ ಬರುತ್ತದೆ. ಆದರೆ ಆರೂ ಪಾಠಗಳ ಗುರಿ ಒಂದೇ: ಏನಾದರೂ ಎಡವಟ್ಟಾದರೆ ಮಗು ಮೊದಲ ಒಂದು ಗಂಟೆಯೊಳಗೆ ಒಬ್ಬ ದೊಡ್ಡವರ ಹತ್ತಿರ ಬಂದು ಹೇಳಬೇಕು. ಕಳೆದ ದುಡ್ಡು ತಡೆಯಲಿಕ್ಕೂ, ಹರಿದಾಡುವ ಫೋಟೋ ತೆಗೆಸಲಿಕ್ಕೂ ಆ ಒಂದು ಗಂಟೆಯೇ ಮುಖ್ಯ.

ತಯಾರಿ: ಒಂದು ಚೀಟಿ, ಒಂದು ಡಬ್ಬಿ, ಒಂದು ಹಳೇ ಫೋನು

ವಾರಕ್ಕೊಂದು ಪೀರಿಯಡ್, ತಲಾ 40 ನಿಮಿಷ, ಒಟ್ಟು ಆರು ವಾರ. ಜೂನ್ ಮೂರನೇ ವಾರ ಶುರು ಮಾಡಿದರೆ ಜುಲೈ ಕೊನೆಗೆ ಮುಗಿಯುತ್ತದೆ. ದಸರಾ ರಜೆಗೆ ಅಡ್ಡ ಸಿಕ್ಕಿಸಿಕೊಳ್ಳಬೇಡಿ. ನಡುವೆ ಎರಡು ವಾರ ಬಿಟ್ಟುಹೋದರೆ ಮಕ್ಕಳಿಗೆ ಬಂದ ಸಲಿಗೆ ಮತ್ತೆ ಮೊದಲಿನಿಂದ ಬರಬೇಕು. ಒಂದು ತಂಡಕ್ಕೆ 35 ಮಕ್ಕಳಿಗಿಂತ ಹೆಚ್ಚು ಬೇಡ.

ಬೇಕಾಗುವುದು ಇಷ್ಟು: ವೈಫೈಗೆ ಹಾಕಿದ, ಸಿಮ್ ಇಲ್ಲದ ಒಂದು ಹಳೇ ಆಂಡ್ರಾಯ್ಡ್ ಫೋನು, ಪ್ರೊಜೆಕ್ಟರ್ ಇದ್ದರೆ ಸರಿ, ಇಲ್ಲದಿದ್ದರೆ ಬೋರ್ಡಿನ ಮೇಲೆ ಫೋನಿನ ಪರದೆಯನ್ನೇ ಬರೆಯಿರಿ, ಮಕ್ಕಳು ತಮ್ಮ ತೊಂದರೆ ಬರೆದ ಚೀಟಿ ಹಾಕಲು ಬೀಗ ಹಾಕುವಂಥ ಒಂದು ಡಬ್ಬಿ. ನಿಮ್ಮ ಸ್ವಂತ ಫೋನನ್ನು ತೋರಿಸಲು ಬಳಸಬೇಡಿ. ಪಾಠದ ಮಧ್ಯೆ ಮೇಲಿಂದ ಇಳಿಯುವ ಒಂದು ನೋಟಿಫಿಕೇಷನ್ ಸಾಕು, ಆ ಪೀರಿಯಡ್ ಅಲ್ಲಿಗೆ ಮುಗಿಯಿತು.

ಮೊದಲ ಪಾಠಕ್ಕೆ ಒಂದು ವಾರ ಮುಂಚೆ ಹೆಸರಿಲ್ಲದ ಚೀಟಿ ಕೊಡಿ. ಐದೇ ಪ್ರಶ್ನೆ. ಬಳಸುವ ಫೋನು ನಿನ್ನದೋ, ಮನೆಯವರದೋ? ಯಾವ್ಯಾವ ಆ್ಯಪ್ ಬಳಸುತ್ತೀಯ? ಗುರುತಿಲ್ಲದವರು ಮೆಸೇಜ್ ಮಾಡಿದ್ದಾರೆಯೇ? ಗೇಮ್‌ಗೋ ಇನ್ನಾವುದಕ್ಕೋ ಮನೆಯವರಿಗೆ ಹೇಳದೆ ದುಡ್ಡು ಹೋಗಿದೆಯೇ? ಕೊನೆಯದು ಎಲ್ಲಕ್ಕಿಂತ ಮುಖ್ಯ: ತೊಂದರೆಯಾದರೆ ಮೊದಲು ಯಾರಿಗೆ ಹೇಳುತ್ತೀಯ? ಇದಕ್ಕೆ ಅಪ್ಪ, ಅಮ್ಮ, ಅಣ್ಣ ಅಥವಾ ಅಕ್ಕ, ಟೀಚರ್, ಫ್ರೆಂಡ್, ಯಾರಿಗೂ ಇಲ್ಲ ಎಂದು ಆರು ಖಾನೆ ಇರಲಿ.

ಎಲ್ಲ ಪ್ರಶ್ನೆಗೂ ಟಿಕ್ ಹಾಕುವ ಖಾನೆ ಮಾತ್ರ ಇರಬೇಕು, ಬರೆಸಬೇಡಿ. ಕ್ಲಾಸ್ ಟೀಚರಿಗೆ ಅಕ್ಷರ ನೋಡಿದರೆ ಯಾರದೆಂದು ಗೊತ್ತಾಗುತ್ತದೆ, ಅದು ಮಕ್ಕಳಿಗೂ ಗೊತ್ತು. ಎಲ್ಲರ ಪೆನ್ನೂ ಒಂದೇ ಬಣ್ಣದ್ದಾಗಿರಲಿ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಸಿರು ಪೆನ್ನಿನಲ್ಲಿ ಬರೆಯುವವನು ಕ್ಲಾಸಿಗೊಬ್ಬ ಇದ್ದೇ ಇರುತ್ತಾನೆ.

ಮಕ್ಕಳಿಗಿಂತ ಮೊದಲು ಅಪ್ಪ-ಅಮ್ಮಂದಿರ ಸಭೆ

ಇದನ್ನು ಬಿಟ್ಟು ಪಾಠಕ್ಕೆ ಹೋಗಬೇಡಿ. ಬ್ಲ್ಯಾಕ್‌ಮೇಲ್ ಮಾಡುವವನು ಮಗುವಿಗೆ ಹಾಕುವ ಮೊದಲ ಬೆದರಿಕೆ ‘ನಿಮ್ಮಪ್ಪನಿಗೆ ಕಳಿಸ್ತೀನಿ’. ಅಪ್ಪನಿಗೆ ಗೊತ್ತಾದರೂ ಪರವಾಗಿಲ್ಲ ಅನ್ನುವ ಮಗುವಿನ ಮೇಲೆ ಈ ಮಾತು ನಡೆಯುವುದಿಲ್ಲ. ಅಪ್ಪ ಬಾರಿಸುತ್ತಾರೆ, ಅಮ್ಮ ಫೋನ್ ಕಿತ್ತುಕೊಳ್ಳುತ್ತಾರೆ, ಹುಡುಗಿಯಾದರೆ ಓದು ಬಿಡಿಸಿ ಗಂಡು ನೋಡಲು ಶುರು ಮಾಡುತ್ತಾರೆ ಎಂದು ಗೊತ್ತಿರುವ ಮಗು ಮಾತ್ರ ಅವನು ಕೇಳಿದ್ದನ್ನೆಲ್ಲ ಕೊಡುತ್ತಾ ಹೋಗುತ್ತದೆ. ಅಂದರೆ ಅವನ ಬಂಡವಾಳ ನಮ್ಮ ಮನೆಯ ಭಯ.

‘ಮಕ್ಕಳ ಆನ್‌ಲೈನ್ ಸುರಕ್ಷತೆ’ ಎಂದು ಕರೆದರೆ ಹತ್ತು ಜನ ಬರುತ್ತಾರೆ. ‘ನಿಮ್ಮ ಫೋನ್‌ಪೇ, ಗೂಗಲ್‌ಪೇ ಭದ್ರ ಮಾಡಿಕೊಡುತ್ತೇವೆ, ಫೋನ್ ತನ್ನಿ’ ಅನ್ನಿ, ಊರು ಬರುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಹಾಲು ಹಾಕಿ ಬಂದ ಮೇಲೆ ಏಳೂವರೆಗೆ, ಮೈಸೂರಿನ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ. ಮೊದಲ ಕಾಲು ಗಂಟೆ ನಿಜವಾಗಿಯೂ ಅವರ ಫೋನ್ ಸರಿಮಾಡಿ ಕೊಡಿ. ಮಕ್ಕಳ ವಿಷಯ ಆಮೇಲೆ.

ಸಭೆಯ ಕೊನೆಗೆ ನಾಲ್ಕು ಸಾಲಿನ ಒಂದು ಹಾಳೆಗೆ ಸಹಿ ಹಾಕಿಸಿ:

‘ಫೋನಿನಲ್ಲಿ ಏನಾಗಿದ್ದರೂ ನೀನು ಬಂದು ಹೇಳಿದರೆ ಆ ದಿನ ಹೊಡೆಯುವುದಿಲ್ಲ, ಬೈಯುವುದಿಲ್ಲ. ಹೇಳಿದ ಕಾರಣಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ. ನಿನ್ನ ಓದು ನಿಲ್ಲಿಸುವುದಿಲ್ಲ. ಮುಂದೇನು ಮಾಡಬೇಕೆಂದು ಇಬ್ಬರೂ ಕೂತು ಮಾತಾಡೋಣ.’

ಒಂದು ಪ್ರತಿ ಮಗುವಿನ ಹತ್ತಿರ ಇರಲಿ. ‘ಹಂಗಾದ್ರೆ ಹುಡುಗ್ರು ಹೆದ್ರೋದೇ ಇಲ್ವಲ್ಲ ಸಾರ್’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಪ್ಪಿಗೆ ಶಿಕ್ಷೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಹೇಳಿದ್ದಕ್ಕೆ ಶಿಕ್ಷೆ ಬೇಡ. ಈ ವ್ಯತ್ಯಾಸ ಅವರಿಗೆ ತಲುಪುವವರೆಗೆ ಸಭೆ ಮುಗಿಸಬೇಡಿ. ಇನ್ನು, ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡಕ್ಕೂ ಕನಿಷ್ಠ ವಯಸ್ಸು 13 ಎಂದೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ ಎಂದೂ ಹೇಳಿಬಿಡಿ. ಆರನೇ ಕ್ಲಾಸಿನ ಮಗುವಿಗೆ ಸುಳ್ಳು ಹುಟ್ಟಿದ ವರ್ಷ ಹಾಕಿ ಅಕೌಂಟ್ ಮಾಡಿಕೊಟ್ಟವರು ಸಭೆಯಲ್ಲೇ ಇರುತ್ತಾರೆ. ಹಾಗೆ ಮಾಡಿದರೆ ಆ ಆ್ಯಪಿನ ಲೆಕ್ಕದಲ್ಲಿ ಮಗು ವಯಸ್ಕ. ಮಕ್ಕಳ ಅಕೌಂಟಿಗೆ ತಾನಾಗಿ ಬರುವ ಕಾವಲು ಯಾವುದೂ ಅದಕ್ಕೆ ಬರುವುದಿಲ್ಲ.

ಪಾಠ 1: ಬೀಗ

ಅಪ್ಪನ ಫೋನ್ ಬಳಸುವ ಮಕ್ಕಳಿಂದ ಶುರು ಮಾಡಿ, ಅವರ ವಿಷಯ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಆ್ಯಪ್ ಪಿನ್ನಿಂಗ್’ ಎಂದಿರುತ್ತದೆ. ಕೆಲವು ಕಂಪನಿಯ ಫೋನುಗಳಲ್ಲಿ ಹೆಸರು ಸ್ವಲ್ಪ ಬೇರೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಪಿನ್’ ಎಂದು ಟೈಪ್ ಮಾಡಿದರೆ ಸಿಗುತ್ತದೆ. ಅದನ್ನೂ, ಅದರಡಿ ಇರುವ ‘ಅನ್‌ಪಿನ್ ಮಾಡುವ ಮೊದಲು ಪಿನ್ ಕೇಳು’ ಎಂಬುದನ್ನೂ ಆನ್ ಮಾಡಿ ಯೂಟ್ಯೂಬನ್ನೋ ಪಾಠದ ಆ್ಯಪನ್ನೋ ಪಿನ್ ಮಾಡಿ ಕೊಟ್ಟರೆ, ಲಾಕ್ ನಂಬರ್ ಹಾಕದೆ ಅದರಿಂದ ಆಚೆ ಬರಲಾಗದು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಫ್ರೀ ಫೈರ್ ಮ್ಯಾಕ್ಸ್ ಎಂಬ ಗೇಮಿನ ಡೈಮಂಡ್ಸ್‌ಗೆ ದುಡ್ಡು ಸೋರುವ ದಾರಿ ಬಹುತೇಕ ಇಲ್ಲೇ ಮುಚ್ಚುತ್ತದೆ. ಬಹುತೇಕ ಎಂದದ್ದಕ್ಕೆ ಕಾರಣವಿದೆ: ಯುಪಿಐ ಲೈಟ್ ಆನ್ ಆಗಿದ್ದರೆ ಸಣ್ಣ ಮೊತ್ತಕ್ಕೆ ಪಿನ್ನೇ ಕೇಳುವುದಿಲ್ಲ. ಮಗು ಬಳಸುವ ಫೋನಿನಲ್ಲಿ ಅದನ್ನು ಆಫ್ ಮಾಡುವುದೇ ಒಳ್ಳೆಯದು.

ಸ್ವಂತ ಫೋನ್ ಇರುವವರು ಕೂತಲ್ಲೇ ಮಾಡಬೇಕಾದ್ದು ವಾಟ್ಸಾಪ್‌ನಿಂದ. ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಷನ್. ಆರು ಅಂಕಿಯ ಪಿನ್ ಇಡಿ, ಮರೆತರೆ ಬೇಕಾಗುತ್ತದೆ ಎಂದು ಇಮೇಲನ್ನೂ ಕೊಡಿ. ಇದಿದ್ದರೆ ಓಟಿಪಿ ಯಾರ ಕೈಗಾದರೂ ಸಿಕ್ಕಿದರೂ ಅಕೌಂಟ್ ಹೋಗುವುದಿಲ್ಲ. ಆಮೇಲೆ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಲು ಹೇಳಿ. ಗುರುತಿಲ್ಲದ ಕಂಪ್ಯೂಟರ್ ಹೆಸರು ಕಂಡರೆ ಆ ಮಗುವಿನ ಚಾಟ್ ಇನ್ಯಾರೋ ಓದುತ್ತಿದ್ದಾರೆ ಎಂದರ್ಥ. ಸೈಬರ್ ಸೆಂಟರಿನಲ್ಲಿ ಅಸೈನ್‌ಮೆಂಟ್ ಪ್ರಿಂಟ್ ತೆಗೆಸಲು ಲಾಗಿನ್ ಆಗಿ ಹಾಗೇ ಎದ್ದುಬಂದಿರುವುದು ಸಾಮಾನ್ಯ ಕಾರಣ. ಪ್ರೈವಸಿಯಲ್ಲಿ ‘ಗ್ರೂಪ್ಸ್’ ಅನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಇಡಿ, ಡಿಪಿ ಯಾರಿಗೆ ಕಾಣಬೇಕೆಂಬುದನ್ನೂ ಹಾಗೇ. ಇನ್‌ಸ್ಟಾಗ್ರಾಂ ಪ್ರೈವೇಟ್ ಆಗಿರಲಿ.

ಪಾಸ್‌ವರ್ಡ್ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಮೆಚ್ಚಿನ ನಟನ ಹೆಸರು, ಮುಂದೆ 123. ಇದನ್ನು ನೀವು ಹೇಳಿದ ಕೂಡಲೇ ಅರ್ಧ ಕ್ಲಾಸು ನಗುತ್ತದೆ, ಅಂದರೆ ಅರ್ಧ ಕ್ಲಾಸಿನದು ಅದೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಸಾಕು: ‘ರಾಗಿ ಕೊಡೆ ಮಂಗಳವಾರ ಗೂಬೆ’ ಥರ. ಉದ್ದವೇ ಬಲ. ಬೇರೆ ಬೇರೆ ಅಕೌಂಟಿಗೆ ಬೇರೆ ಬೇರೆ. ಮನೆಯಲ್ಲಿರುವ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ತಪ್ಪೇನಿಲ್ಲ, ಬೆಸ್ಟ್ ಫ್ರೆಂಡಿಗೆ ಹೇಳುವುದಕ್ಕಿಂತ ಅದು ವಾಸಿ. ಜಗಳವಾದ ಮರುದಿನ ಬೆಸ್ಟ್ ಫ್ರೆಂಡ್ ಏನು ಮಾಡುತ್ತಾನೆಂದು ಮಕ್ಕಳನ್ನೇ ಕೇಳಿ.

ಪಾಠ 2: ಒಂದು ಫೋಟೋ ಎಷ್ಟು ಮಾತಾಡುತ್ತದೆ

ಬೋರ್ಡಿನ ಮೇಲೆ ಒಂದು ಚಿತ್ರ ಬರೆಯಿರಿ, ಗೆರೆ ಸೊಟ್ಟಗಿದ್ದರೂ ನಡೆಯುತ್ತದೆ. ಯೂನಿಫಾರ್ಮ್ ಹಾಕಿದ ಹುಡುಗಿ, ಕುತ್ತಿಗೆಯಲ್ಲಿ ಐಡಿ ಕಾರ್ಡ್, ಹಿಂದೆ ನಂಬರ್ ಪ್ಲೇಟ್ ಕಾಣುವ ಸ್ಕೂಟಿ, ಪಕ್ಕದಲ್ಲಿ ಬೇಕರಿ ಬೋರ್ಡು. ಕೆಳಗೆ ಬರೆಯಿರಿ: ‘ಟ್ಯೂಷನ್ ಮುಗೀತು, ಬಸ್‌ಗೆ ವೇಟಿಂಗ್, ಸಂಜೆ 6.10’. ಈಗ ಕ್ಲಾಸಿಗೆ ಕೆಲಸ: ಈ ಹುಡುಗಿಯನ್ನು ನೀವು ಯಾವತ್ತೂ ನೋಡಿಲ್ಲ. ನಾಳೆ ಅವಳನ್ನು ಎಲ್ಲಿ ಹುಡುಕುತ್ತೀರಿ?

ಐದು ನಿಮಿಷದಲ್ಲಿ ಮಕ್ಕಳು ಶಾಲೆ, ಊರು, ನಿಲ್ಲುವ ಜಾಗ, ಹೊತ್ತು, ಗಾಡಿ ನಂಬರ್ ಎಲ್ಲ ಪಟ್ಟಿ ಮಾಡುತ್ತಾರೆ. ಹಿಂದಿನ ಬೆಂಚಿನವರು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾರೆ. ಆಗ ಒಂದು ಮೌನ ಬರುತ್ತದಲ್ಲ, ಅಲ್ಲಿ ನೀವು ಮಾತಾಡಬೇಡಿ. ಅವರವರ ಪ್ರೊಫೈಲಿನಲ್ಲಿ ಇಂಥದ್ದೇನಿದೆ ಎಂದು ಅವರೇ ಯೋಚಿಸುತ್ತಿರುತ್ತಾರೆ.

ನಂತರ ಎರಡು ನಿಯಮ ಸಾಕು. ಇರುವ ಜಾಗದಿಂದ ಹೊರಟ ಮೇಲೆ ಫೋಟೋ ಹಾಕು. ಕಾರಂಜಿ ಕೆರೆಯ ಫೋಟೋ ಮನೆಗೆ ಬಂದು ಹಾಕಿದರೆ ಅದರ ಚೆಂದವೇನೂ ಕಮ್ಮಿಯಾಗದು. ಎರಡನೆಯದು, ಬೇರೆಯವರಿದ್ದರೆ ಕೇಳಿ ಹಾಕು. ಇಲ್ಲಿ ಒಂದು ಸೂಕ್ಷ್ಮ: ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಒಳಗಿನ ಲೊಕೇಷನ್ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೊಕೇಷನ್ ಆಫ್ ಮಾಡಿಸಿದರೆ ಈ ಚಿಂತೆಯಿಲ್ಲ. ಒಮ್ಮೆ ನೋಡಿದರೆ ಮಾಯವಾಗುವ ‘ವ್ಯೂ ಒನ್ಸ್’ ಫೋಟೋ ಮೇಲೆ ಮಕ್ಕಳಿಗೆ ಬಲು ನಂಬಿಕೆ. ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆದು ತೋರಿಸಿ, ವಾದ ಬೇಕಿಲ್ಲ.

ಪಾಠ 3: ದುಡ್ಡು

ಮನೆಯಲ್ಲಿ ಫೋನ್ ಚೆನ್ನಾಗಿ ಬಳಸಲು ಬರುವುದು ಮಗುವಿಗೇ. ಆದ್ದರಿಂದ ಈ ಪಾಠ ಕೇಳಿದ ಮಗು ಮನೆಯ ಕಾವಲುಗಾರನಾಗುತ್ತದೆ. ಹಾಗೆಂದೇ ಶುರು ಮಾಡಿ, ಮಕ್ಕಳಿಗೆ ಹೆಮ್ಮೆಯಾಗುತ್ತದೆ.

ಯುಪಿಐ ಪಿನ್ ಹಾಕುವುದು ದುಡ್ಡು ಕಳಿಸಲು ಅಥವಾ ಬ್ಯಾಲೆನ್ಸ್ ನೋಡಲು. ಬರುವ ದುಡ್ಡಿಗೆ ಪಿನ್ನೂ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಇದನ್ನು ಮಕ್ಕಳ ಬಾಯಲ್ಲಿ ಹತ್ತು ಸಲ ಹೇಳಿಸಿ.

ಎರಡನೆಯದು ಎಪಿಕೆ ಫೈಲು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುತ್ತದೆ. ಮೈಸೂರಿನಲ್ಲೇ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಯಾಕೆ ಬಂದಿಲ್ಲ ಎಂದು ಅಮ್ಮ ಕಾಯುತ್ತಿರುವಾಗ ‘ಸ್ಟೇಟಸ್ ನೋಡಲು ಇದನ್ನು ಇನ್‌ಸ್ಟಾಲ್ ಮಾಡಿ’ ಎಂದು ಬಂದರೆ ಯಾರಾದರೂ ಒತ್ತಿಯಾರು. ಒತ್ತಿದರೆ ಅದು ಮೆಸೇಜ್ ಓದುವ ಅನುಮತಿ ಕೇಳುತ್ತದೆ, ಕೊಟ್ಟರೆ ಓಟಿಪಿಗಳೆಲ್ಲ ಕಳ್ಳನಿಗೆ ಹೋಗುತ್ತವೆ. ಕಡತದ ಹೆಸರಿನ ಕೊನೆಯ ಮೂರಕ್ಷರ ನೋಡುವುದನ್ನು ಕಲಿಸಿ: ಎ, ಪಿ, ಕೆ ಇದ್ದರೆ ಅದು ಆಮಂತ್ರಣವಲ್ಲ, ಆ್ಯಪು. ಈಗಾಗಲೇ ಇನ್‌ಸ್ಟಾಲ್ ಆಗಿಬಿಟ್ಟಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ಆಮೇಲೆ ಆ ಆ್ಯಪ್ ತೆಗೆಯಿರಿ.

ಪಿಯುಸಿ ಮಕ್ಕಳಿಗೆ ಇನ್ನೊಂದು ಬಲೆ ಕಾದಿದೆ, ಅದನ್ನು ಒತ್ತಿ ಹೇಳಿ. ‘ನಿನ್ನ ಅಕೌಂಟ್ ಬಾಡಿಗೆಗೆ ಕೊಡು, ದುಡ್ಡು ಬಂದು ಹೋಗುತ್ತೆ ಅಷ್ಟೇ, ನಿನಗೆ ಕಮಿಷನ್’ ಎಂದು ಸೀನಿಯರೋ ಟೆಲಿಗ್ರಾಂ ಗ್ರೂಪಿನವನೋ ಕೇಳುತ್ತಾನೆ. ಎಟಿಎಂ ಕಾರ್ಡು, ಸಿಮ್ಮು ಎರಡೂ ಒಯ್ಯುತ್ತಾನೆ. ಆ ಅಕೌಂಟಿಗೆ ಬರುವುದು ಎಲ್ಲೋ ಯಾರೋ ಮೋಸಹೋದ ದುಡ್ಡು. ಪೊಲೀಸರು ಹುಡುಕಿಕೊಂಡು ಬರುವುದು ಪಾಸ್‌ಬುಕ್ಕಿನಲ್ಲಿ ಹೆಸರಿರುವವನ ಮನೆಗೆ. ಅಕೌಂಟ್ ಫ್ರೀಜ್ ಆದರೆ ವಿದ್ಯಾರ್ಥಿವೇತನವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೂ ‘ಇದು ಬೇರೆ ಆ್ಯಪ್’ ಎಂದು ಯಾರಾದರೂ ಲಿಂಕ್ ಕಳಿಸಿದರೆ ಅಲ್ಲಿ ದೂರು ಕೇಳಲು ಯಾವ ಕಚೇರಿಯೂ ಇರುವುದಿಲ್ಲ.

ಕೊನೆಯ ಹತ್ತು ನಿಮಿಷ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಅಭ್ಯಾಸ. ಒಬ್ಬ ಹುಡುಗ ದುಡ್ಡು ಕಳೆದುಕೊಂಡವನು, ಇನ್ನೊಬ್ಬಳು ಸಹಾಯವಾಣಿಯವಳು. ನಿಜವಾದ ನಂಬರಿಗೆ ಫೋನ್ ಮಾಡಬೇಡಿ, ಆ ಹೊತ್ತಿಗೆ ಇನ್ಯಾರಿಗೋ ಆ ಲೈನ್ ಬೇಕಿರುತ್ತದೆ. ಕೇಳುವ ಪ್ರಶ್ನೆ ಇವು: ಬ್ಯಾಂಕ್ ಯಾವುದು, ಅಕೌಂಟ್ ನಂಬರ್, ಹೋದ ಮೊತ್ತ, ಹೊತ್ತು, ವಹಿವಾಟಿನ ಯುಟಿಆರ್ ಸಂಖ್ಯೆ. ಯುಪಿಐನಲ್ಲಿ ಇದು 12 ಅಂಕಿ, ಆ್ಯಪಿನ ಹಿಸ್ಟರಿಯಲ್ಲಿ ಆ ವಹಿವಾಟನ್ನು ಒತ್ತಿದರೆ ಕಾಣುತ್ತದೆ. ಹೆಚ್ಚಿನವರು ತಡವರಿಸುವುದು ಇಲ್ಲೇ. ಬೇಗ ತಿಳಿಸಿದರೆ ದುಡ್ಡು ತಲುಪಿದ ಅಕೌಂಟಿನಲ್ಲೇ ತಡೆಹಿಡಿಯಲು ಆಗುತ್ತದೆ. ಕಳ್ಳ ಅದನ್ನು ನಾಲ್ಕು ಅಕೌಂಟಿಗೆ ಹಂಚಿ ಎಟಿಎಂನಲ್ಲಿ ತೆಗೆದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ಫೋನ್ ಮಾಡಿದ ಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರನ್ನು ಪೂರ್ತಿ ಮಾಡಬೇಕು.

ಪಾಠ 4: ಬೆದರಿಕೆ

ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಕೂರಿಸಿ ಮಾಡುವ ಪಾಠ ಇದೊಂದೇ. ವಿಷಯ ಮಾತ್ರ ಇಬ್ಬರಿಗೂ ಒಂದೇ ಇರಲಿ. ಇದು ಹುಡುಗಿಯರ ತಾಪತ್ರಯ ಎಂದುಕೊಂಡರೆ ಹುಡುಗರು ಬಾಯೇ ಬಿಡುವುದಿಲ್ಲ.

ಹುಡುಗರಿಗೆ ಬರುವ ಬಲೆ ಹೆಚ್ಚುಕಮ್ಮಿ ಹೀಗಿರುತ್ತದೆ. ಚೆಂದದ ಹುಡುಗಿಯ ಪ್ರೊಫೈಲಿನಿಂದ ರಿಕ್ವೆಸ್ಟು. ಎರಡು ದಿನ ಮಾತು. ‘ವಾಟ್ಸಾಪ್ ನಂಬರ್ ಕೊಡು.’ ರಾತ್ರಿ ವಿಡಿಯೋ ಕಾಲ್, ಆ ಕಡೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ, ಈ ಕಡೆ ಹುಡುಗನ ಮುಖ ರೆಕಾರ್ಡಾಗುತ್ತದೆ. ಐದು ನಿಮಿಷಕ್ಕೆ ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ: ‘ಇವರಿಗೆಲ್ಲ ಕಳಿಸ್ತೀನಿ.’ ದುಡ್ಡು ಕೊಟ್ಟರೆ ಮರುದಿನ ‘ಪೊಲೀಸ್ ಅಧಿಕಾರಿ’ಯ ಫೋನು, ಆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಿದ್ದಾಳೆ ಎಂಬ ಕತೆ, ಇನ್ನಷ್ಟು ದುಡ್ಡು. ಹುಡುಗಿಯರ ವಿಷಯದಲ್ಲಿ ಬೆದರಿಸುವವನು ಅನೇಕ ಸಲ ಗುರುತಿನವನೇ. ನಂಬಿ ಕಳಿಸಿದ ಫೋಟೋ ಇರಬಹುದು, ಡಿಪಿಯಿಂದ ಎತ್ತಿ ಎಐ ಆ್ಯಪಿನಲ್ಲಿ ಬೆತ್ತಲೆ ಮಾಡಿದ್ದೂ ಇರಬಹುದು.

ಆಗ ಏನು ಮಾಡಬೇಕು ಎಂಬುದನ್ನು ಅನುಕ್ರಮದಲ್ಲೇ ಕಲಿಸಿ, ಯಾಕೆಂದರೆ ಗಾಬರಿಯಲ್ಲಿ ಮಕ್ಕಳು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಮೊದಲು ಚಾಟ್ ಅಳಿಸುತ್ತಾರೆ, ಅಕೌಂಟ್ ಡಿಲೀಟ್ ಮಾಡುತ್ತಾರೆ, ಸಾಕ್ಷಿ ಪೂರಾ ಹೋಗುತ್ತದೆ.

1. ದುಡ್ಡು ಕಳಿಸಬೇಡ, ಇನ್ನೊಂದು ಫೋಟೋವನ್ನೂ ಕಳಿಸಬೇಡ, ಗೋಗರೆಯಬೇಡ. ಉತ್ತರ ನಿಲ್ಲಿಸು.
2. ಸ್ಕ್ರೀನ್‌ಶಾಟ್ ತೆಗಿ: ಚಾಟು, ಫೋನ್ ನಂಬರು, ಯುಪಿಐ ಐಡಿ, ಪ್ರೊಫೈಲ್ ಪುಟ. ಮೇಲೆ ಕಾಣುವ ಹೆಸರನ್ನು ಅವನು ಯಾವಾಗ ಬೇಕಾದರೂ ಬದಲಿಸುತ್ತಾನೆ, ಆದ್ದರಿಂದ ಯೂಸರ್‌ನೇಮ್ ಮತ್ತು ಪ್ರೊಫೈಲಿನ ಲಿಂಕ್ ಬೇಕೇ ಬೇಕು.
3. ಸಹಿ ಹಾಕಿದ ಹಾಳೆ ಇದೆಯಲ್ಲ, ಆ ದೊಡ್ಡವರ ಹತ್ತಿರ ಹೋಗು. ಅವರಿಗೆ ಹೇಳಲಾಗದಿದ್ದರೆ ಟೀಚರು. ಅದೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098.
4. ಅವರ ಜೊತೆ ಕೂತು ಆ್ಯಪಿನಲ್ಲೇ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡು.
5. ದೂರು: ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ, ಅಥವಾ ಹತ್ತಿರದ ಯಾವುದೇ ಠಾಣೆ. ಮೇಲೆ ಹೇಳಿದ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗವಿದ್ದು, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಫೋಟೋ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಫೋಟೋ ತೆಗೆದಾಗ 18 ತುಂಬಿರದವರಿಗೆ ಇದು. ದೊಡ್ಡವರಿಗೆ ‘ಸ್ಟಾಪ್ ಎನ್‌ಸಿಐಐ’. ಫೋಟೋ ನಿಮ್ಮ ಫೋನಿನಿಂದ ಎಲ್ಲಿಗೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ತಯಾರಾಗಿ, ಜೊತೆಗೂಡಿರುವ ತಾಣಗಳಿಗೆ ತಲುಪುತ್ತದೆ. ಅದೇ ಫೋಟೋ ಅಲ್ಲಿ ಕಂಡರೆ ಅವರು ತೆಗೆಯಬಹುದು. ಇದಕ್ಕೂ ಮಿತಿಯಿದೆ: ಆ ಫೋಟೋ ನಿಮ್ಮ ಹತ್ತಿರ ಇರಬೇಕು, ಮತ್ತು ವಾಟ್ಸಾಪ್‌ನಂಥ ಗೂಢಲಿಪಿಯ ಚಾಟಿನೊಳಗೆ ಇದು ಇಣುಕಲಾರದು.

ಇನ್ನು ದೊಡ್ಡವರು ಮಾಡುವ ಅನಾಹುತ. ‘ಎಲ್ಲಿ, ಏನಂತ ನೋಡೋಣ, ಕಳ್ಸಿ’ ಎಂದು ಹೆಡ್‌ಮಾಸ್ಟರು, ಅವರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಅವರಿಂದ ಇನ್ನೊಬ್ಬರು. ಮಗುವಿನ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಅಡಿ ಅಪರಾಧ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ಕಳಿಸಿದೆ ಎಂದರೂ ಆ ಫೋಟೋ ಇನ್ನೂ ಮೂರು ಫೋನಿಗೆ ಹೋಗಿರುತ್ತದೆ. ಚಿತ್ರ ಮಗುವಿನ ಫೋನಿನಲ್ಲೇ ಇರಲಿ, ಪೊಲೀಸರಿಗೆ ಅಲ್ಲಿಂದಲೇ ತೋರಿಸಿ. ಮಗುವಿನ ಹೆಸರು ಸ್ಟಾಫ್ ರೂಮಿನಲ್ಲಿ ಬರಬಾರದು.

ಮಗು ನಿಮ್ಮ ಹತ್ತಿರ ಬಂದ ಆ ಮೊದಲ ಎರಡು ನಿಮಿಷವನ್ನು ಶಿಕ್ಷಕರೇ ಮೊದಲು ತಮ್ಮತಮ್ಮಲ್ಲಿ ಆಡಿ ಅಭ್ಯಾಸ ಮಾಡಬೇಕು. ಸಾಧಾರಣವಾಗಿ ಮಾತು ಹೀಗೆ ಸಾಗುತ್ತದೆ:

‘ಮಿಸ್, ಒಂದ್ ವಿಷ್ಯ. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ.’
‘ಬಾ, ಕೂತ್ಕೊ. ಬಂದು ಹೇಳ್ತಿದೀಯಲ್ಲ, ಅದೇ ದೊಡ್ಡದು.’
‘ಅಪ್ಪಂಗ್ ಗೊತ್ತಾದ್ರೆ ಕೊಂದಾಕ್ಬುಡ್ತಾರೆ ಮಿಸ್.’
‘ನಾನೂ ಜೊತೇಲಿರ್ತೀನಿ ಕಣವ್ವ. ಇದನ್ನ ನಾನೊಬ್ಳೇ ಇಟ್ಕೊಳಕ್ಕಾಗಲ್ಲ, ಆದ್ರೆ ಯಾರ್‍ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ.’

ಆಣೆ ಮಾಡಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ‘ಯಾಕೆ ಕಳಿಸಿದೆ?’ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಿ. ಅದು ನಾಲಿಗೆ ತುದಿಗೆ ಬಂದಿರುತ್ತದೆ, ಅದರಿಂದ ಮಗುವಿನ ಬಾಯಿ ಕಟ್ಟಿಹೋಗುತ್ತದೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದೆಂದು ಮನೆಯವರಿಗೆ ಹೇಳಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪಾಠ 5: ಗ್ರೂಪಿನಲ್ಲಿ ಮನುಷ್ಯರ ಹಾಗಿರುವುದು

ಡಿಜಿಟಲ್ ಪೌರತ್ವ ಎಂಬ ಪದ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಅದನ್ನು ಸಮಾಜ ವಿಜ್ಞಾನದ ಎರಡು ಅಂಕದ ಪ್ರಶ್ನೆಯ ಹಾಗೆ ನೋಡುತ್ತಾರೆ. ‘ಟೀಚರಿಲ್ಲದ ಕ್ಲಾಸ್ ಗ್ರೂಪು’ ಎಂದು ಬರೆಯಿರಿ. ಅಲ್ಲಿ ಯಾರನ್ನು ಸ್ಟಿಕ್ಕರ್ ಮಾಡುತ್ತಾರೆ, ಯಾರನ್ನು ಗ್ರೂಪಿನಿಂದ ತೆಗೆದು ಮತ್ತೆ ಸೇರಿಸಿ ಆಟ ಆಡಿಸುತ್ತಾರೆ, ಯಾರ ಜಾತಿ ಹಿಡಿದು, ಮೈಬಣ್ಣ ಹಿಡಿದು ಆಡಿಕೊಳ್ಳುತ್ತಾರೆ. ಹೆಸರು ಹೇಳಿಸಬೇಡಿ. ‘ನೋಡಿ ಸುಮ್ಮನಿದ್ದವರು ಎಷ್ಟು ಜನ?’ ಎಂದು ಕಣ್ಣು ಮುಚ್ಚಿಸಿ ಕೈ ಎತ್ತಿಸಿ. ಪಾಠ ಇರುವುದು ಆ ಕೈಗಳಿಗೆ. ಗ್ರೂಪಿನಲ್ಲಿ ಎದುರು ಹಾಕಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆದರೆ ಗೇಲಿಗೊಳಗಾದವನಿಗೆ ಪರ್ಸನಲ್ಲಾಗಿ ‘ಬಿಡೋ ಮಗ, ಅವ್ರು ಮಾಡಿದ್ದು ಸರಿ ಇಲ್ಲ’ ಎಂದು ಒಂದು ಸಾಲು ಕಳಿಸಲು ಧೈರ್ಯವೇನೂ ಬೇಡ. ಅದಷ್ಟು ಮಾಡಿಸಿದರೆ ಪಾಠ ಗೆದ್ದಂತೆ.

ಎಐನಲ್ಲಿ ಕ್ಲಾಸ್‌ಮೇಟ್‌ನ ಮುಖ ಅಂಟಿಸಿ ಅಶ್ಲೀಲ ಚಿತ್ರ ಮಾಡುವುದನ್ನು ಕೆಲವು ಹುಡುಗರು ತಮಾಷೆ ಎಂದುಕೊಂಡಿದ್ದಾರೆ. ಅದೇ 67ಬಿ ಎಂದು ನೇರವಾಗಿ ಹೇಳಿ. ಮಾಡಿದವನಿಗೆ 18 ಆಗಿಲ್ಲದಿದ್ದರೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ.

ಸುಳ್ಳು ಸುದ್ದಿಗೆ ನಮ್ಮ ಸೀಮೆಯ ಉದಾಹರಣೆಗಳೇ ಸಾಕು. ‘ನಮ್ಮೂರ ಗದ್ದೆಯಲ್ಲಿ ಚಿರತೆ’ ಎಂಬ ವಿಡಿಯೋ ಊರ ಹೆಸರು ಬದಲಿಸಿಕೊಂಡು ವರ್ಷಗಟ್ಟಲೆ ತಿರುಗುತ್ತದೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ವಿಡಿಯೋ ಹಾಗೆಯೇ ತಿರುಗುತ್ತದೆ. ಒಂದು ವಿಡಿಯೋ ಆರಿಸಿ ಮಕ್ಕಳಿಂದ ಪರೀಕ್ಷೆ ಮಾಡಿಸಿ. ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಲಿ. ಹಳೆಯದಾದರೆ ಹಿಂದೆ ಎಲ್ಲಿ ಬಂದಿತ್ತೆಂದು ಎಷ್ಟೋ ಸಲ ಸಿಗುತ್ತದೆ. ಅಂಗಡಿ ಬೋರ್ಡು ಯಾವ ಭಾಷೆ, ಗಾಡಿಯ ನಂಬರ್ ಪ್ಲೇಟ್ ಕೆಎ ಇದೆಯೋ ಇಲ್ಲವೋ, ಬೆಳೆದಿರುವುದು ಕಬ್ಬೋ ಜೋಳವೋ. ಮಂಡ್ಯದ ಮಕ್ಕಳಿಗೆ ಬೆಳೆ ನೋಡಿ ಸೀಮೆ ಹೇಳುವುದು ನೀರು ಕುಡಿದಷ್ಟು ಸುಲಭ, ಅವರ ಮುಂದೆ ಮೈಸೂರು ಪೇಟೆಯ ಮಕ್ಕಳು ಸೋಲುತ್ತಾರೆ. ಕಟ್ಟೆಯ ಸುದ್ದಿಯಾದರೆ ನೀರಿನ ಮಟ್ಟ ಎಷ್ಟೆಂದು ಬರೆದಿದೆ ನೋಡಲಿ: ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ‘130 ಅಡಿ ದಾಟಿದೆ’ ಎಂದಿದ್ದರೆ ಅಲ್ಲಿಗೇ ಗೊತ್ತಾಯಿತು.

ಪಾಠ 6: ಎಲ್ಲವನ್ನೂ ಮಕ್ಕಳೇ ಮಾಡುವುದು

ಈ ಪೀರಿಯಡ್ಡಿನಲ್ಲಿ ನೀವು ಹಿಂದೆ ಕೂರಿ. ನಾಲ್ಕು ನಾಲ್ಕು ಮಕ್ಕಳ ತಂಡಕ್ಕೆ ಒಂದೊಂದು ಸನ್ನಿವೇಶ ಕೊಡಿ: ಅಜ್ಜಿಗೆ ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೋ ಕಾಲ್ ಬಂದಿದೆ, ತಮ್ಮನ ಇನ್‌ಸ್ಟಾಗ್ರಾಂ ಹ್ಯಾಕ್ ಆಗಿದೆ, ಗೆಳತಿಯ ಹೆಸರಿನಲ್ಲಿ ನಕಲಿ ಅಕೌಂಟ್ ಎದ್ದಿದೆ. ಹತ್ತು ನಿಮಿಷ ತಯಾರಿ, ಐದು ನಿಮಿಷ ಅಭಿನಯ. ವಿಡಿಯೋ ಕಾಲಿನಲ್ಲಿ ಬಂಧಿಸುವ ಕಾನೂನೇ ನಮ್ಮಲ್ಲಿಲ್ಲ ಎಂದು ಮೊಮ್ಮಗ ಅಜ್ಜಿಗೆ ವಿವರಿಸುವ ದೃಶ್ಯ ಪ್ರತಿ ಸಲವೂ ಚೆನ್ನಾಗಿ ಬರುತ್ತದೆ. ಚೆನ್ನಾಗಿ ಬಂದ ತಂಡವನ್ನು ಮಕ್ಕಳ ಗ್ರಾಮಸಭೆಯಲ್ಲಿ ಆಡಿಸಿ, ಊರಿನವರೂ ಕೇಳಲಿ.

ಆಮೇಲೆ ಡಬ್ಬಿ. ಅದನ್ನು ಸ್ಟಾಫ್ ರೂಮಿನ ಎದುರು ಇಡಬೇಡಿ, ಅಲ್ಲಿ ಚೀಟಿ ಹಾಕುವುದನ್ನು ಎಲ್ಲರೂ ನೋಡುತ್ತಾರೆ. ನೀರು ಕುಡಿಯುವ ಜಾಗದ ಹತ್ತಿರ ಇಟ್ಟರೆ ಹೋಗಲು ಒಂದು ನೆಪವಿರುತ್ತದೆ. ಬೀಗದ ಕೈ ಇಬ್ಬರು ಶಿಕ್ಷಕರ ಹತ್ತಿರ ಮಾತ್ರ, ಅವರಲ್ಲೊಬ್ಬರು ಮಹಿಳೆ. ದಿನಾ ತೆರೆಯಬೇಕು, ವಾರಕ್ಕೊಮ್ಮೆ ಎಂದರೆ ಸೋಮವಾರ ಹಾಕಿದ ಚೀಟಿ ಶನಿವಾರದವರೆಗೆ ಕಾಯುತ್ತದೆ, ಬೆದರಿಸುವವನು ಕಾಯುವುದಿಲ್ಲ.

ಮೂರು ತಿಂಗಳ ಮೇಲೆ ಅದೇ ಐದು ಪ್ರಶ್ನೆಯ ಚೀಟಿ ಮತ್ತೆ ಕೊಡಿ. ನೋಡಬೇಕಾದ್ದು ಐದನೆಯ ಪ್ರಶ್ನೆಯೊಂದನ್ನೇ: ‘ಯಾರಿಗೂ ಇಲ್ಲ’ ಎಂಬ ಖಾನೆಯ ಟಿಕ್‌ಗಳು ಕಡಿಮೆಯಾಗಿವೆಯೇ? ಆಗಿಲ್ಲದಿದ್ದರೆ ಮಕ್ಕಳ ಪಾಠವನ್ನು ಮತ್ತೆ ಮಾಡುವ ಅಗತ್ಯವಿಲ್ಲ, ಅಪ್ಪ-ಅಮ್ಮಂದಿರ ಸಭೆಯನ್ನು ಮತ್ತೆ ಕರೆಯಿರಿ. ಗೋಡೆಯ ಮೇಲೆ 1930, 1098, 112, 14416 ನಂಬರುಗಳ ಕೆಳಗೆ ಆ ಇಬ್ಬರು ಶಿಕ್ಷಕರ ಹೆಸರನ್ನೂ ಬರೆಸಿರುತ್ತೀರಲ್ಲ, ಅವರಲ್ಲಿ ಯಾರಿಗಾದರೂ ವರ್ಗಾವಣೆಯಾದರೆ ಬೀಗದ ಕೈ ಇನ್ನೊಬ್ಬರಿಗೆ ಕೊಟ್ಟು, ಅದೇ ವಾರ ಗೋಡೆಯ ಹೆಸರನ್ನೂ ಬದಲಿಸಿ.